ತಪಸ್ಸುಕಾಲದಿಂದ ಪಾಸ್ಖದವರೆಗೆ: ವ್ರತವನ್ನೂ ಮಿಷನ್ ನೆರವನ್ನೂ ಒಟ್ಟಿಗೆ ನಡೆಸುವ ಬಗೆ

ತಪಸ್ಸುಕಾಲವನ್ನು, ಅಂದರೆ ಪಾಸ್ಖ (ಈಸ್ಟರ್) ಹಬ್ಬಕ್ಕೆ ಮೊದಲು ಬರುವ ನಲವತ್ತು ದಿನಗಳ ವ್ರತಕಾಲವನ್ನು, ನಾವು ಸಾಮಾನ್ಯವಾಗಿ ಬಿಟ್ಟದ್ದರ ಲೆಕ್ಕದಲ್ಲಿ ಅಳೆಯುತ್ತೇವೆ. ಮಾಂಸ ಬಿಟ್ಟೆವು, ಸಿಹಿತಿಂಡಿ ಬಿಟ್ಟೆವು, ಧಾರಾವಾಹಿ ನೋಡುವುದನ್ನು ಬಿಟ್ಟೆವು ಎನ್ನುತ್ತೇವೆಯೇ ಹೊರತು, ಹಾಗೆ ಬಿಟ್ಟದ್ದು ಯಾರ ಪಾಲಿಗೆ ಸೇರಿತು ಎಂದು ಕೇಳಿಕೊಳ್ಳುವುದಿಲ್ಲ. ಈ ಕಾಲದ ಮೊದಲ ದಿನವಾದ ವಿಭೂತಿ ಬುಧವಾರದ ಬಲಿಪೂಜೆಯಲ್ಲಿ ಓದುವ ಮತ್ತಾಯನ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ದಾನ, ಪ್ರಾರ್ಥನೆ, ಉಪವಾಸ ಈ ಮೂರರ ಬಗ್ಗೆ ಒಂದರ ಬೆನ್ನಿಗೆ ಒಂದರಂತೆ ಮಾತನಾಡುತ್ತಾರೆ. ಅವುಗಳಲ್ಲಿ ಮೊದಲು ಬರುವುದು ದಾನ. ಉಪವಾಸದ ದಿನ ಉಣ್ಣದೆ ಉಳಿಸಿದ ಊಟದ ಬೆಲೆಯನ್ನು ಲೆಕ್ಕ ಹಾಕಿ ಅದನ್ನು ವಿಧವೆಗೋ ಅನಾಥರಿಗೋ ಇಲ್ಲದವರಿಗೋ ಕೊಡಬೇಕೆಂದು ಎರಡನೆಯ ಶತಮಾನದಷ್ಟು ಹಿಂದೆಯೇ ಕ್ರೈಸ್ತರು ಬರೆದಿಟ್ಟಿದ್ದಾರೆ. ಬೆಂಗಳೂರಿನಲ್ಲಿ ಕೆಲಸ, ಶಾಲೆ, ಪರೀಕ್ಷೆಗಳ ನಡುವೆ ಬದುಕುವ ಕಥೋಲಿಕ ಕುಟುಂಬವೊಂದು ಈ ಹಳೆಯ ಕ್ರಮವನ್ನು ಈಗಲೂ ಹೇಗೆ ನಡೆಸಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ದಿನಾಂಕಗಳು

ವಸಂತಕಾಲದ ಸಮರಾತ್ರಿಯೆಂದು ಧರ್ಮಸಭೆ ಎಣಿಸುವ ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರವೇ ಪಾಸ್ಖ. ಆದ್ದರಿಂದ ಹಬ್ಬ ಮಾರ್ಚ್ 22ಕ್ಕಿಂತ ಮೊದಲು ಬರುವುದಿಲ್ಲ, ಏಪ್ರಿಲ್ 25ನ್ನು ದಾಟುವುದೂ ಇಲ್ಲ. ಅಲ್ಲಿಂದ 46 ದಿನ ಹಿಂದಕ್ಕೆ ಎಣಿಸಿದರೆ ವಿಭೂತಿ ಬುಧವಾರ ಸಿಗುತ್ತದೆ. ನಡುವಿನ ಆರು ಭಾನುವಾರಗಳನ್ನು ಕಳೆದರೆ ಉಳಿಯುವುದು ನಲವತ್ತು ದಿನ. 2027ರಲ್ಲಿ ವಿಭೂತಿ ಬುಧವಾರ ಫೆಬ್ರುವರಿ 10ಕ್ಕೆ ಮತ್ತು ಪಾಸ್ಖ ಮಾರ್ಚ್ 28ಕ್ಕೆ ಬೀಳುತ್ತವೆ. 2028ರಲ್ಲಿ ಅವು ಮಾರ್ಚ್ 1 ಮತ್ತು ಏಪ್ರಿಲ್ 16.

ಕ್ಯಾಲೆಂಡರಿನಲ್ಲಿ ಗುರುತು ಹಾಕುವಾಗ ಶುಕ್ರವಾರಗಳ ಜೊತೆಗೆ ಮಹೋತ್ಸವಗಳನ್ನೂ, ಅಂದರೆ ಧರ್ಮಸಭೆಯ ಅತಿ ದೊಡ್ಡ ದರ್ಜೆಯ ಹಬ್ಬಗಳನ್ನೂ, ನೋಡಿಕೊಳ್ಳುವುದು ಒಳ್ಳೆಯದು. 2027ರ ಮಾರ್ಚ್ 19 ಶುಕ್ರವಾರವಾದರೂ ಸಂತ ಜೋಸೆಫರ ಮಹೋತ್ಸವವೂ ಆಗಿರುವುದರಿಂದ ಅಂದು ಮಾಂಸ ಬಿಡಲೇಬೇಕೆಂಬ ಕಟ್ಟಳೆ ಇರುವುದಿಲ್ಲ. ಅದೇ ವರ್ಷ ಮಾರ್ಚ್ 25, ಅಂದರೆ ಮಾತೆ ಮರಿಯಮ್ಮನವರಿಗೆ ದೇವದೂತನು ಸಂದೇಶ ತಂದ ಹಬ್ಬ, ಪವಿತ್ರ ಗುರುವಾರದಂದೇ ಬರುವುದರಿಂದ ಅದನ್ನು ಏಪ್ರಿಲ್ 5ರ ಸೋಮವಾರಕ್ಕೆ ಮುಂದೂಡಲಾಗುತ್ತದೆ. ಅಕ್ಕಪಕ್ಕದಲ್ಲಿ ಸಿರೋ ಮಲಬಾರ್ (ಕೇರಳ ಮೂಲದ, ಪೂರ್ವ ವಿಧಿಯ ಕಥೋಲಿಕ) ಕುಟುಂಬಗಳಿದ್ದರೆ ಅವರ ವ್ರತ ವಿಭೂತಿ ಬುಧವಾರಕ್ಕೆ ಕಾಯದೆ ಸೋಮವಾರವೇ ಶುರುವಾಗುತ್ತದೆ ಎಂಬುದೂ ನೆನಪಿರಲಿ, ಊಟಕ್ಕೆ ಕರೆಯುವಾಗ ಉಪಯೋಗಕ್ಕೆ ಬರುತ್ತದೆ.

ಬುಧವಾರಕ್ಕಿಂತ ಮೊದಲೇ ಮಾಡಬೇಕಾದ ಕೆಲಸ ಒಂದಿದೆ. ಹಿಂದಿನ ವರ್ಷದ ಗರಿಗಳ ಭಾನುವಾರದಂದು ತಂದು ಶಿಲುಬೆಯ ಹಿಂದೆ ಸಿಕ್ಕಿಸಿಟ್ಟ ಗರಿಗಳನ್ನು ಕಸದ ಗಾಡಿಗೆ ಹಾಕದೆ ದೇವಾಲಯಕ್ಕೆ ಮರಳಿಸಬೇಕು. ಹಣೆಗೆ ಇಡುವ ಬೂದಿ ತಯಾರಾಗುವುದು ಅವನ್ನು ಸುಟ್ಟೇ. ಯಾವಾಗ ತರಬೇಕೆಂಬ ಪ್ರಕಟಣೆಯನ್ನು ಒಂದೆರಡು ವಾರ ಮುಂಚಿತವಾಗಿ ಪೂಜೆಯ ಕೊನೆಯಲ್ಲಿ ಕೇಳಿಸಿಕೊಳ್ಳಬಹುದು.

ಉಪವಾಸದ ನಿಯಮ ಮತ್ತು ಅಡುಗೆಮನೆ

ಇಲ್ಲಿ ಎರಡು ಬೇರೆ ಬೇರೆ ಕಟ್ಟಳೆಗಳಿವೆ, ಅವನ್ನು ಕಲಸಿಕೊಂಡು ಗೊಂದಲಪಡುವವರು ಬಹಳ ಮಂದಿ. ಮೊದಲನೆಯದು ಮಾಂಸವರ್ಜನೆ; ವಿಭೂತಿ ಬುಧವಾರ ಮತ್ತು ತಪಸ್ಸುಕಾಲದ ಶುಕ್ರವಾರಗಳಲ್ಲಿ ಹದಿನಾಲ್ಕು ವರ್ಷ ತುಂಬಿದ ಎಲ್ಲರಿಗೂ ಇದು ಅನ್ವಯಿಸುತ್ತದೆ. ಎರಡನೆಯದು ಉಪವಾಸ, ಇದು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಈ ಎರಡೇ ದಿನಗಳಿಗೆ ಸೇರಿದ್ದು, ಹದಿನೆಂಟು ತುಂಬಿದವರಿಂದ ಹಿಡಿದು ಐವತ್ತೊಂಬತ್ತು ತುಂಬುವವರೆಗಿನವರಿಗೆ ಕಡ್ಡಾಯ. 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ 1249ರಿಂದ 1253ರವರೆಗಿನ ವಿಧಿಗಳು ಈ ವಿಷಯಕ್ಕೆ ಮೀಸಲಾಗಿವೆ. ಮಾಂಸವೆಂದರೆ ಕೋಳಿ, ಕುರಿ, ಹಂದಿ, ದನ. ಮೀನು, ಮೊಟ್ಟೆ, ಹಾಲು ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗೆಂದು ಶುಕ್ರವಾರ ದುಬಾರಿ ಅಂಜಲ್ ಮೀನು ತಂದು ಹುರಿದು ಬಡಿಸಿದರೆ ನಿಯಮ ಉಳಿಯಬಹುದು, ವ್ರತ ಉಳಿಯುವುದಿಲ್ಲ.

ಉಪವಾಸದ ದಿನ ಒಂದು ಹೊತ್ತು ಹೊಟ್ಟೆ ತುಂಬ ಉಂಡು, ಬೆಳಿಗ್ಗೆ ಮತ್ತು ಸಂಜೆ ಸ್ವಲ್ಪ ಆಹಾರ ತೆಗೆದುಕೊಳ್ಳಬಹುದು. ನಮ್ಮ ಹಿರಿಯರು ಒಪ್ಪೊತ್ತು ಎನ್ನುತ್ತಿದ್ದುದು ಇದಕ್ಕೆ ಬಹಳ ಹತ್ತಿರವಾದುದು. ಬೆಳಿಗ್ಗೆ ಒಂದು ಲೋಟ ರಾಗಿ ಗಂಜಿ, ಮಧ್ಯಾಹ್ನ ಮುದ್ದೆ ಮತ್ತು ಸೊಪ್ಪಿನ ಸಾರು, ಸಂಜೆ ಒಂದು ಹಣ್ಣು ಎಂದು ಮೊದಲೇ ನಿಶ್ಚಯಿಸಿಕೊಂಡರೆ ಕಚೇರಿಯಲ್ಲಿ ಇದ್ದರೂ ಕಷ್ಟವಾಗುವುದಿಲ್ಲ. ನೀರು ಕುಡಿಯುವುದರಿಂದ ಉಪವಾಸ ಕೆಡುವುದಿಲ್ಲ. ಮಾರ್ಚ್ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬಸ್ಸಿಗೆ ಕಾಯುವವರು ನೀರಿಲ್ಲದೆ ಬಳಲುವುದು ಭಕ್ತಿಯಲ್ಲ. ಸಕ್ಕರೆ ಕಾಯಿಲೆ ಇರುವವರು, ಬಸುರಿ ಬಾಣಂತಿಯರು, ರೋಗಿಗಳು ಮತ್ತು ಅವರನ್ನು ನೋಡಿಕೊಳ್ಳುತ್ತಾ ತಾವೂ ದಣಿದವರು ಉಪವಾಸದ ಬದಲು ಬೇರೊಂದು ತ್ಯಾಗವನ್ನು ನಿಶ್ಚಿಂತೆಯಿಂದ ಆರಿಸಿಕೊಳ್ಳಲಿ. ಸಂದೇಹವಿದ್ದರೆ ಧರ್ಮಕೇಂದ್ರದ, ಅಂದರೆ ನಿಮ್ಮ ಬಡಾವಣೆಯ ದೇವಾಲಯದ, ಗುರುಗಳನ್ನು ಕೇಳಿದರೆ ಸಾಕು.

ಕಟ್ಟಳೆ ಇಷ್ಟೇ ಆದರೂ ತಪಸ್ಸುಕಾಲ ಎರಡು ದಿನದ ಉಪವಾಸಕ್ಕೆ ಮುಗಿಯುವುದಲ್ಲ. ಪ್ರತಿಯೊಬ್ಬರೂ ದಿನವೂ ಕಣ್ಣಿಗೆ ಕಾಣುವ, ಬೆಲೆ ಕಟ್ಟಬಹುದಾದ ಒಂದು ವಸ್ತುವನ್ನು ಆರಿಸಿ ಬಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಸಂಜೆಯ ಬಜ್ಜಿ ಮತ್ತು ಕಾಫಿ, ಸ್ವಿಗ್ಗಿಯಲ್ಲಿ ತರಿಸುವ ರಾತ್ರಿಯೂಟ, ವಾರಾಂತ್ಯದ ಸಿನಿಮಾ, ಸಿಗರೇಟು, ಮದ್ಯ ಇವೆಲ್ಲಕ್ಕೂ ಬೆಲೆಯಿದೆ. ಬೆಲೆಯಿರುವುದನ್ನು ಬಿಟ್ಟಾಗಲೇ ಉಳಿದ ಹಣ ಬೇರೊಬ್ಬರ ಕೈ ಸೇರಲು ಸಾಧ್ಯ. ಒಂದು ರಟ್ಟಿನ ಡಬ್ಬಿಗೆ ಸೀಳು ಮಾಡಿ, ಮನೆಯ ಪ್ರಾರ್ಥನಾ ಪೀಠದ ಬಳಿ ಇಟ್ಟು, ಆಯಾ ದಿನದ ಉಳಿತಾಯವನ್ನು ಆಯಾ ದಿನವೇ ಹಾಕಬೇಕು. ಕೊನೆಯಲ್ಲಿ ಒಟ್ಟಿಗೆ ಕೊಡೋಣವೆಂದುಕೊಂಡರೆ ಆ ಹಣ ಬಾಡಿಗೆಯಲ್ಲೋ ಶಾಲೆಯ ಶುಲ್ಕದಲ್ಲೋ ಕರಗಿಹೋಗುತ್ತದೆ. ದಿನಕ್ಕೆ ಐವತ್ತು ರೂಪಾಯಿಯಾದರೂ ನಲವತ್ತು ದಿನಕ್ಕೆ ಎರಡು ಸಾವಿರವಾಗುತ್ತದೆ. ಈಗ ಎಲ್ಲ ವ್ಯವಹಾರವೂ ಫೋನಿನಲ್ಲೇ ನಡೆಯುವುದರಿಂದ ಕೈಯಲ್ಲಿ ಚಿಲ್ಲರೆ ಇರುವುದಿಲ್ಲ ಎನ್ನುವವರು ಡಬ್ಬಿಯ ಪಕ್ಕ ಒಂದು ಪುಟ್ಟ ಪುಸ್ತಕವಿಟ್ಟು ಮೊತ್ತ ಬರೆದು, ಪ್ರತಿ ಭಾನುವಾರ ಅಷ್ಟನ್ನು ಬ್ಯಾಂಕಿನಿಂದ ತೆಗೆದು ಹಾಕಬಹುದು.

ವಾರದ ಪ್ರಾರ್ಥನೆ

ಶುಕ್ರವಾರದ ಶಿಲುಬೆಯ ಹಾದಿ ಈ ಕಾಲದ ಬೆನ್ನೆಲುಬು. ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದ ದಾರಿಯನ್ನು ನೆನೆಯುವ ಹದಿನಾಲ್ಕು ಸ್ಥಳಗಳ ಈ ಧ್ಯಾನಕ್ಕೆ ದೇವಾಲಯದಲ್ಲಿ ಮುಕ್ಕಾಲು ಗಂಟೆ ಹಿಡಿಯಬಹುದು. ನಮ್ಮ ನಗರದ ಅನೇಕ ದೇವಾಲಯಗಳಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಭಾಷೆಗಳಿಗೆ ಬೇರೆ ಬೇರೆ ಹೊತ್ತು ಗೊತ್ತುಮಾಡಿರುವುದರಿಂದ ಕನ್ನಡದ ಸಮಯವನ್ನು ಮೊದಲ ವಾರವೇ ಸೂಚನಾ ಫಲಕದಲ್ಲಿ ನೋಡಿಕೊಳ್ಳಬೇಕು. ಸಂಚಾರ ದಟ್ಟಣೆಯಿಂದಾಗಿ ತಲುಪಲಾಗದವರು ಮನೆಯಲ್ಲೇ ಶಿಲುಬೆಯ ಮುಂದೆ ನಿಂತು ನಡೆಸಲಿ, ಮಕ್ಕಳಿಗೆ ಒಂದೊಂದು ಸ್ಥಳದ ಪ್ರಾರ್ಥನೆ ಓದಲು ಕೊಡಲಿ. ಅನುಕೂಲವಿದ್ದರೆ ಕನಕಪುರ ತಾಲ್ಲೂಕಿನ ಹಾರೋಬೆಲೆಯ ಬಳಿಯ ಕಪಾಲಬೆಟ್ಟಕ್ಕೆ ಹೋಗಿಬರುವುದು ಒಳ್ಳೆಯದು. ಅಲ್ಲಿ ಶಿಲುಬೆಯ ಹಾದಿಯನ್ನು ಬೆಟ್ಟ ಹತ್ತುತ್ತಾ ಪ್ರಾರ್ಥಿಸುವ ಕನ್ನಡ ಕ್ರೈಸ್ತರ ಭಕ್ತಿ ಬಹಳ ಹಳೆಯದು, ನಗರದಲ್ಲಿ ಬೆಳೆದ ಮಕ್ಕಳು ಅದನ್ನು ಒಮ್ಮೆಯಾದರೂ ಕಾಣಬೇಕು.

ಪಾಪನಿವೇದನೆಯನ್ನು ಪವಿತ್ರ ವಾರದವರೆಗೆ ಮುಂದೂಡಬಾರದು. ಆ ವಾರ ಸಾಲು ಉದ್ದವಿರುತ್ತದೆ, ಗುರುಗಳೂ ದಣಿದಿರುತ್ತಾರೆ, ನಿಧಾನವಾಗಿ ಮಾತನಾಡಲು ಅವಕಾಶ ಸಿಗುವುದಿಲ್ಲ. ಎರಡನೆಯ ಅಥವಾ ಮೂರನೆಯ ವಾರದಲ್ಲಿ, ವಾರದ ದಿನದ ಪೂಜೆಗೆ ಅರ್ಧ ಗಂಟೆ ಮೊದಲು ಹೋಗುವುದು ಉತ್ತಮ. ಭಾನುವಾರದ ವಾಚನಗಳನ್ನು ಶನಿವಾರ ರಾತ್ರಿ ಮನೆಯಲ್ಲಿ ಒಮ್ಮೆ ಓದಿಟ್ಟುಕೊಂಡರೆ ಪೂಜೆಯಲ್ಲಿ ಅವು ಹೊಸದಾಗಿ ಕೇಳಿಸುತ್ತವೆ. 2027ರ ತಪಸ್ಸುಕಾಲದ ಐದನೆಯ ಭಾನುವಾರ ಬರುವ ಯೊವಾನ್ನನ ಶುಭಸಂದೇಶದಲ್ಲಿ, ಗೋದಿಯ ಕಾಳು ನೆಲಕ್ಕೆ ಬಿದ್ದು ಸತ್ತ ಹೊರತು ಫಲ ಕೊಡದು ಎಂಬ ಮಾತಿದೆ.

ಮಿಷನ್ ನೆರವು: ಎಲ್ಲಿಗೆ, ಹೇಗೆ

ಮಿಷನ್ (ದೂರದ, ಬಡ ಪ್ರದೇಶಗಳಲ್ಲಿ ಧರ್ಮಸಭೆಯ ಕೆಲಸ) ಎಂದರೆ ಅಕ್ಟೋಬರಿನಲ್ಲಿ ಒಂದು ಭಾನುವಾರ ಲಕೋಟೆಯಲ್ಲಿ ಹಣ ಹಾಕುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ಎಲ್ಲಿಂದ ಹುಟ್ಟಿತೆಂದು ತಿಳಿದರೆ ತಪಸ್ಸುಕಾಲಕ್ಕೂ ಅದಕ್ಕೂ ಇರುವ ನಂಟು ಸ್ಪಷ್ಟವಾಗುತ್ತದೆ. ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಪೋಲೀನ್ ಜಾರಿಕೊ ಎಂಬ ಯುವತಿ ರೇಷ್ಮೆ ಕಾರ್ಖಾನೆಯ ಹೆಣ್ಣುಮಕ್ಕಳನ್ನು ಒಟ್ಟುಗೂಡಿಸಿ, ಪ್ರತಿಯೊಬ್ಬರೂ ದಿನವೂ ಪ್ರಾರ್ಥಿಸಿ ವಾರಕ್ಕೆ ಒಂದು ಸೂ, ಅಂದರೆ ಆ ಕಾಲದ ಒಂದು ಚಿಕ್ಕ ನಾಣ್ಯ, ಕೊಡುವಂತೆ ಮಾಡಿದರು. ಒಬ್ಬೊಬ್ಬರೂ ಹತ್ತು ಜನರಿಂದ ಸಂಗ್ರಹಿಸಬೇಕು, ಆ ಹತ್ತರ ಗುಂಪುಗಳು ಹತ್ತು ಸೇರಿದಾಗ ನೂರು ಎಂಬುದು ಅವರ ಕ್ರಮ. 1822ರಲ್ಲಿ ಇದೇ ವಿಶ್ವಾಸ ಪ್ರಸಾರ ಸಂಸ್ಥೆಯಾಗಿ ರೂಪುಗೊಂಡಿತು, ಸರಿಯಾಗಿ ನೂರು ವರ್ಷಗಳ ನಂತರ ಜಗದ್ಗುರುಗಳ, ಅಂದರೆ ಪೋಪರ, ಅಧಿಕೃತ ಸಂಸ್ಥೆಯಾಯಿತು. 2022ರಲ್ಲಿ ಪೋಲೀನರನ್ನು ಪುನೀತರೆಂದು (ಸಂತ ಪದವಿಗೆ ಹಿಂದಿನ ಮೆಟ್ಟಿಲು) ಘೋಷಿಸಲಾಯಿತು. ಅವರ ಮೊದಲ ಸಂಗ್ರಹ ಹೋದದ್ದು ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಗೆ. ಮೈಸೂರು ಸೀಮೆಯಲ್ಲಿ ಮತ್ತು ಬೆಂಗಳೂರಿನಲ್ಲಿ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ದುಡಿದ ಗುರುಗಳು ಆ ಸಂಸ್ಥೆಗೇ ಸೇರಿದವರು. 1940ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಬೆಂಗಳೂರು ಧರ್ಮಪ್ರಾಂತ್ಯ (ಒಬ್ಬ ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಆಡಳಿತದ ಪ್ರದೇಶ) ಆದದ್ದು, 1953ರಲ್ಲಿ ಮಹಾಧರ್ಮಪ್ರಾಂತ್ಯವಾದದ್ದು ಆ ದುಡಿಮೆಯ ಮುಂದುವರಿಕೆ. ಯಾರೋ ಕಾಣದ ಬಡವರು ಬೆವರು ಸುರಿಸಿ ಕೊಟ್ಟ ನಾಣ್ಯಗಳ ಋಣ ನಮ್ಮ ಮೇಲಿದೆ. ಅದನ್ನು ತೀರಿಸುವ ದಾರಿ ನಮಗಿಂತ ಹೆಚ್ಚು ಅಗತ್ಯವಿರುವ ಧರ್ಮಪ್ರಾಂತ್ಯಗಳಿಗೆ ನೆರವಾಗುವುದು.

ಪೋಲೀನರ ಹತ್ತರ ಲೆಕ್ಕವನ್ನು ನಮ್ಮ ಕಿರು ಕ್ರೈಸ್ತ ಸಮುದಾಯಗಳಲ್ಲಿ ಹಾಗೆಯೇ ಬಳಸಬಹುದು. ಬೀದಿಯ ಹತ್ತು ಮನೆಗಳು ಸೇರಿ, ವಾರಕ್ಕೆ ಮನೆಗೆ ಇಪ್ಪತ್ತು ರೂಪಾಯಿಯಂತೆ ಆರು ವಾರ ಕೊಟ್ಟರೆ ಸಾವಿರದ ಇನ್ನೂರು ರೂಪಾಯಿ. ಮೊತ್ತ ದೊಡ್ಡದಲ್ಲ, ಆದರೆ ಹತ್ತು ಮನೆಗಳ ಮಕ್ಕಳು ಒಂದು ಮಿಷನ್ ಪ್ರದೇಶದ ಹೆಸರು ಕಲಿತು ಅದಕ್ಕಾಗಿ ಪ್ರಾರ್ಥಿಸುವುದು ದೊಡ್ಡದು. ಮಕ್ಕಳಿಗೆಂದೇ ಇರುವ ಪವಿತ್ರ ಬಾಲ್ಯ ಸಂಸ್ಥೆಯನ್ನು 1843ರಲ್ಲಿ ಫ್ರಾನ್ಸಿನ ಧರ್ಮಾಧ್ಯಕ್ಷ ಶಾರ್ಲ್ ದ ಫೋರ್ಬೆ ಜಾನ್ಸನ್ ಆರಂಭಿಸಿದಾಗ ಮಕ್ಕಳಿಂದ ಕೇಳಿದ್ದು ದಿನಕ್ಕೊಂದು ನಮೋ ಮರಿಯ ಮತ್ತು ತಿಂಗಳಿಗೊಂದು ನಾಣ್ಯ. ಧರ್ಮೋಪದೇಶದ ತರಗತಿ ನಡೆಸುವವರು ಇದನ್ನು ತಪಸ್ಸುಕಾಲದಲ್ಲಿ ಶುರುಮಾಡಿದರೆ ಮಕ್ಕಳಿಗೆ ಸುಲಭವಾಗಿ ಅರ್ಥವಾಗುತ್ತದೆ. ಸ್ಥಳೀಯ ಗುರುಗಳ ತರಬೇತಿಗೆ ನೆರವಾಗುವ ಪ್ರೇಷಿತ ಸಂತ ಪೇತ್ರರ ಸಂಸ್ಥೆಯನ್ನು 1889ರಲ್ಲಿ ಸ್ಥಾಪಿಸಿದವರು ಜಾನ್ ಬಿಗಾರ್ ಎಂಬ ಫ್ರೆಂಚ್ ಮಹಿಳೆ ಮತ್ತು ಅವರ ತಾಯಿ. ಜಪಾನಿನ ನಾಗಸಾಕಿಯ ಧರ್ಮಾಧ್ಯಕ್ಷರು ಬರೆದ ಒಂದು ಪತ್ರ ಅದಕ್ಕೆ ಪ್ರೇರಣೆಯಾಯಿತು. ಈ ಸಂಸ್ಥೆಗಳಿಗೆ ಸೇರಬೇಕಾದ ಹಣವನ್ನು ಧರ್ಮಕೇಂದ್ರದ ಕಚೇರಿಯಲ್ಲಿ ಕೊಟ್ಟು, ಯಾವ ಉದ್ದೇಶಕ್ಕೆಂದು ಸ್ಪಷ್ಟವಾಗಿ ಬರೆಸಿ, ರಸೀದಿ ಪಡೆದರೆ ಮಹಾಧರ್ಮಪ್ರಾಂತ್ಯದ ಮೂಲಕ ಮುಂದಕ್ಕೆ ಹೋಗುತ್ತದೆ.

ಅಷ್ಟಾಗಿ ಯಾರೂ ಯೋಚಿಸದ ಇನ್ನೊಂದು ದಾರಿ ಪೂಜೆಯ ಕಾಣಿಕೆ. ಒಬ್ಬ ಗುರು ದಿನಕ್ಕೆ ಒಂದೇ ಪೂಜೆಯ ಕಾಣಿಕೆಯನ್ನು ತನಗಾಗಿ ಇಟ್ಟುಕೊಳ್ಳಬಹುದು ಎಂಬುದು ಧರ್ಮಸಭೆಯ ನಿಯಮ. ನಗರದ ದೊಡ್ಡ ದೇವಾಲಯಗಳಲ್ಲಿ ಪೂಜೆ ಹೇಳಿಸುವವರು ಬಹಳ. ಹಳ್ಳಿಗಾಡಿನ ಮಿಷನ್ ಕೇಂದ್ರದ ಗುರುವಿಗೆ ಎಷ್ಟೋ ದಿನ ಯಾರ ಕಾಣಿಕೆಯೂ ಇರುವುದಿಲ್ಲ. ಅಗಲಿದ ಹಿರಿಯರ ಆತ್ಮಶಾಂತಿಗೆ ಪೂಜೆ ಹೇಳಿಸುವಾಗ, ದಿನಾಂಕವೂ ಸ್ಥಳವೂ ಮುಖ್ಯವಲ್ಲದಿದ್ದರೆ, ಅದನ್ನು ಮಿಷನ್ ಪ್ರದೇಶದ ಗುರುಗಳಿಗೆ ಕಳುಹಿಸಿರೆಂದು ಕಚೇರಿಯಲ್ಲಿ ಹೇಳಬಹುದು. ಹಿರಿಯರಿಗೆ ಪ್ರಾರ್ಥನೆಯೂ ಸಲ್ಲುತ್ತದೆ, ಒಬ್ಬ ಗುರುವಿನ ಅಂದಿನ ಜೀವನವೂ ನಡೆಯುತ್ತದೆ.

ನಗರದ ಒಳಗೇ ಇರುವ ಸೇವೆಯನ್ನು ಮರೆಯುವಂತಿಲ್ಲ. ಹೊಸೂರು ರಸ್ತೆಯಲ್ಲಿ ನಿರ್ಗತಿಕ ವೃದ್ಧರನ್ನು ನೋಡಿಕೊಳ್ಳುವ ಕನ್ಯಾಸ್ತ್ರೀಯರ ಸಭೆಯನ್ನು ಸ್ಥಾಪಿಸಿದ ಸಂತ ಜಾನ್ ಜುಗಾನ್ ಎಂಬ ಫ್ರೆಂಚ್ ಮಹಿಳೆ ಸ್ವತಃ ಬುಟ್ಟಿ ಹಿಡಿದು ಮನೆಮನೆಗೆ ಹೋಗಿ ಬೇಡಿದವರು, ಆ ಸಹೋದರಿಯರು ಈಗಲೂ ದಾನದಿಂದಲೇ ಮನೆ ನಡೆಸುತ್ತಾರೆ. ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ ಕುಷ್ಠರೋಗದಿಂದ ನೊಂದವರ ಪುನರ್ವಸತಿ ನಡೆಯುತ್ತದೆ. ಧರ್ಮಕೇಂದ್ರಗಳಲ್ಲಿರುವ ಸಂತ ವಿನ್ಸೆಂಟ್ ದೆ ಪಾಲ್ ಸಭೆಯವರಿಗೆ ಯಾವ ಬೀದಿಯಲ್ಲಿ ಯಾರ ಮನೆಯಲ್ಲಿ ಅಕ್ಕಿ ಇಲ್ಲ ಎಂಬುದು ಗೊತ್ತಿರುತ್ತದೆ. ಇಂಥ ಕಡೆಗೆ ಹೋಗುವಾಗ ಬೇಯಿಸಿದ ಅಡುಗೆಯನ್ನು ಹೇಳದೆ ಕೇಳದೆ ಕೊಂಡೊಯ್ಯಬಾರದು. ಒಂದು ದಿನ ಮೊದಲು ಫೋನ್ ಮಾಡಿ ಏನು ಬೇಕೆಂದು ವಿಚಾರಿಸಿ, ಬೇಳೆ, ಎಣ್ಣೆ, ಸೋಪು, ವೃದ್ಧರಿಗೆ ಬೇಕಾದ ಔಷಧಿ ಮುಂತಾದವನ್ನು ಒಯ್ಯಬೇಕು. ಹಬ್ಬದ ದಿನಕ್ಕಿಂತ ಹಬ್ಬ ಕಳೆದ ಎರಡು ಮೂರು ವಾರಗಳ ನಂತರ ಹೋದರೆ ಇನ್ನೂ ಒಳ್ಳೆಯದು. ಆ ಹೊತ್ತಿಗೆ ಬೇರೆ ದಾನಿಗಳು ವಿರಳವಾಗಿರುತ್ತಾರೆ.

ದೇಶಮಟ್ಟದಲ್ಲಿ, 1962ರಲ್ಲಿ ಆರಂಭವಾದ ಕಾರಿತಾಸ್ ಇಂಡಿಯಾ ಪ್ರತಿ ತಪಸ್ಸುಕಾಲದಲ್ಲೂ ಹಸಿವು ಮತ್ತು ರೋಗಗಳ ವಿರುದ್ಧ ಅಭಿಯಾನ ನಡೆಸುತ್ತದೆ. ಶುಭ ಶುಕ್ರವಾರದ ಕಾಣಿಕೆ ಯೇಸುಸ್ವಾಮಿ ನಡೆದಾಡಿದ ಪುಣ್ಯಭೂಮಿಯ ಕ್ರೈಸ್ತರಿಗೆ ಮೀಸಲು.

ಹಣ ಕಳುಹಿಸುವಾಗ ಎಚ್ಚರ ಬೇಕು. ತಪಸ್ಸುಕಾಲದಲ್ಲಿ ವಾಟ್ಸ್ಆ್ಯಪ್‌ನಲ್ಲಿ ಅನಾಥ ಮಕ್ಕಳ ಚಿತ್ರದೊಂದಿಗೆ ಬರುವ ಕ್ಯೂಆರ್ ಕೋಡ್‌ಗಳಿಗೆ ಹಣ ಹಾಕುವ ಮೊದಲು ಆ ಸಂಸ್ಥೆಯನ್ನು ಧರ್ಮಕೇಂದ್ರದಲ್ಲಿ ವಿಚಾರಿಸಬೇಕು. ಖಾತೆ ವ್ಯಕ್ತಿಯ ಹೆಸರಿನಲ್ಲಿದ್ದರೆ ಕೊಡಬಾರದು. ನೆರವಿನ ಹಿಂದೆ ಯಾವ ಷರತ್ತೂ ಇರಬಾರದೆಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಯಾರನ್ನೂ ಬಲವಂತದಿಂದಾಗಲಿ ಆಮಿಷದಿಂದಾಗಲಿ ವಿಶ್ವಾಸಕ್ಕೆ ಎಳೆಯುವುದನ್ನು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಕಟ್ಟುನಿಟ್ಟಾಗಿ ನಿಷೇಧಿಸಿದೆ. ಹಸಿದವನಿಗೆ ಅನ್ನ ಕೊಡುವುದು ಅವನು ಹಸಿದಿದ್ದಾನೆ ಎಂಬ ಕಾರಣಕ್ಕೆ ಮಾತ್ರ.

ಕೊಡಲು ಹಣವಿಲ್ಲದವರು, ಹಾಸಿಗೆ ಹಿಡಿದವರು ತಮ್ಮಿಂದೇನೂ ಆಗದೆಂದು ನೊಂದುಕೊಳ್ಳಬೇಕಿಲ್ಲ. ಮಿಷನ್ ಕಾರ್ಯದ ಪಾಲಕಿಯೆಂದು 1927ರಲ್ಲಿ ಜಗದ್ಗುರು ಹನ್ನೊಂದನೆಯ ಭಕ್ತಿನಾಥರು (ಪೋಪ್ ಪಯಸ್) ಸಂತ ಫ್ರಾನ್ಸಿಸ್ ಜೇವಿಯರರ ಸಾಲಿನಲ್ಲಿ ನಿಲ್ಲಿಸಿದ್ದು ಲಿಸಿಯೂದ ಸಂತ ತೆರೇಸಾರನ್ನು. ಆಕೆ ಮಠ ಸೇರಿದ ಮೇಲೆ ಹೊರಗೆ ಕಾಲಿಟ್ಟವರೇ ಅಲ್ಲ. ಚೀನಾಕ್ಕೆ ಹೊರಟಿದ್ದ ಅಡಾಲ್ಫ್ ರೂಲಾನ್ ಎಂಬ ಯುವ ಗುರುವನ್ನು ಸಹೋದರನೆಂದು ಸ್ವೀಕರಿಸಿ ತನ್ನ ಪ್ರಾರ್ಥನೆ ಮತ್ತು ಕಾಯಿಲೆಯ ನೋವನ್ನು ಆತನಿಗಾಗಿ ಅರ್ಪಿಸಿದರು. ಮನೆಯ ಅಜ್ಜಿಗೆ ಒಬ್ಬ ಮಿಷನ್ ಗುರುವಿನ ಅಥವಾ ಸಿಸ್ಟರ್‌ನ ಹೆಸರು ಕೊಟ್ಟು ದಿನಕ್ಕೊಂದು ಜಪಮಾಲೆ ಕೇಳಿಕೊಂಡರೆ ಅದೇ ಬಹುದೊಡ್ಡ ನೆರವು.

ಪವಿತ್ರ ವಾರ ಮತ್ತು ಹಬ್ಬ

ಕರ್ನಾಟಕದಲ್ಲಿ ಶುಭ ಶುಕ್ರವಾರ ಸಾರ್ವತ್ರಿಕ ರಜೆ, ಗುರುವಾರ ಅಲ್ಲ. ಆದ್ದರಿಂದ ಗುರುವಾರ ಸಂಜೆ ಬೇಗ ಹೊರಡಲು ಕಚೇರಿಯಲ್ಲಿ ವಾರ ಮೊದಲೇ ಕೇಳಿಟ್ಟುಕೊಳ್ಳಬೇಕು. ಪ್ರಭುವಿನ ಕಡೆಯ ಭೋಜನದ ಆ ಪೂಜೆಯಲ್ಲಿ ಪಾದ ತೊಳೆಯುವ ವಿಧಿಯ ನಂತರ, ರೊಟ್ಟಿ ಮತ್ತು ದ್ರಾಕ್ಷಾರಸದ ಜೊತೆಗೆ ಬಡವರಿಗಾಗಿ ಕಾಣಿಕೆಗಳನ್ನು ಮೆರವಣಿಗೆಯಲ್ಲಿ ತರಲು ಪೂಜಾವಿಧಿಯಲ್ಲೇ ಅವಕಾಶವಿದೆ. ಮನೆಯ ಡಬ್ಬಿಯನ್ನು ಒಪ್ಪಿಸಲು ಇದಕ್ಕಿಂತ ತಕ್ಕ ಗಳಿಗೆ ಇಲ್ಲ. ಗುರುಗಳೊಂದಿಗೆ ಮೊದಲೇ ಮಾತನಾಡಿ ಇಡೀ ಧರ್ಮಕೇಂದ್ರದ ಡಬ್ಬಿಗಳು ಒಟ್ಟಿಗೆ ಬರುವಂತೆ ಮಾಡಿದರೆ ಇನ್ನೂ ಚೆಂದ. ಪೂಜೆಯ ನಂತರ ಮಧ್ಯರಾತ್ರಿಯವರೆಗೆ ಪರಮಪ್ರಸಾದದ (ಪೂಜೆಯಲ್ಲಿ ಪವಿತ್ರೀಕರಿಸಿದ ರೊಟ್ಟಿಯ) ಆರಾಧನೆ ಇರುತ್ತದೆ, ಒಂದು ಗಂಟೆಯಾದರೂ ಉಳಿಯಿರಿ.

ಶುಕ್ರವಾರ ಬಲಿಪೂಜೆ ಇಲ್ಲ. ಯೊವಾನ್ನನ ಶುಭಸಂದೇಶದ ಯಾತನೆಯ ವಾಚನ, ಎಲ್ಲ ಜನರಿಗಾಗಿ ಹತ್ತು ಪ್ರಾರ್ಥನೆಗಳು, ಶಿಲುಬೆಯ ಆರಾಧನೆ, ಪರಮಪ್ರಸಾದ ಇವಿಷ್ಟೇ. ಶಿವಾಜಿನಗರದ ಮರಿಯಮ್ಮನವರ ಮಹಾದೇವಾಲಯದಂಥ ಕಡೆ ಜನಸಂದಣಿ ವಿಪರೀತ. ಚಿಕ್ಕ ಮಕ್ಕಳು ಮತ್ತು ವೃದ್ಧರನ್ನು ಕರೆದೊಯ್ಯುವವರಿಗೆ ತಮ್ಮ ಬಡಾವಣೆಯ ದೇವಾಲಯವೇ ವಾಸಿ.

ಶನಿವಾರದ ಪಾಸ್ಖ ಜಾಗರಣೆಯನ್ನು ದೀರ್ಘವೆಂದು ತಪ್ಪಿಸಿಕೊಳ್ಳುವವರಿದ್ದಾರೆ, ಅದು ದೊಡ್ಡ ನಷ್ಟ. ಕತ್ತಲಾದ ಮೇಲೆ ಹೊರಗೆ ಹೊಸ ಬೆಂಕಿ ಹೊತ್ತಿಸಿ, ಆ ವರ್ಷದ ಅಂಕಿಗಳನ್ನು ಕೊರೆದು ಐದು ಧೂಪದ ಕಾಳುಗಳನ್ನು ಸಿಕ್ಕಿಸಿದ ಪಾಸ್ಖ ಮೇಣದ ಬತ್ತಿಯನ್ನು ಹಚ್ಚಿ ಒಳತರುತ್ತಾರೆ. ಹಳೆಯ ಒಡಂಬಡಿಕೆಯ ಏಳು ವಾಚನಗಳನ್ನು ಕಡಿಮೆ ಮಾಡಿದರೂ ಕೆಂಪು ಸಮುದ್ರ ದಾಟಿದ ಪ್ರಸಂಗವನ್ನು ಬಿಡುವಂತಿಲ್ಲ. ನಲವತ್ತು ದಿನ ಬಾಯಿಗೆ ಬಾರದಿದ್ದ ಅಲ್ಲೆಲೂಯ ಅಂದು ಮರಳುತ್ತದೆ, ಸ್ನಾನದೀಕ್ಷೆಯ ವಾಗ್ದಾನಗಳನ್ನು ಎಲ್ಲರೂ ನವೀಕರಿಸುತ್ತಾರೆ. ಮಧ್ಯಾಹ್ನ ಮಕ್ಕಳನ್ನು ಮಲಗಿಸಿ ಎಬ್ಬಿಸಿಕೊಂಡು ಹೋದರೆ ಅವರೂ ಎಚ್ಚರವಾಗಿ ನೋಡುತ್ತಾರೆ.

ಪಾಸ್ಖ ಕಾಲ ಆ ಭಾನುವಾರದಿಂದ ಪವಿತ್ರಾತ್ಮರ ಹಬ್ಬದವರೆಗೆ ಐವತ್ತು ದಿನ ನಡೆಯುತ್ತದೆ. ಈ ದಿನಗಳಲ್ಲಿ ವರದಿ ತರಿಸಿಕೊಳ್ಳುವ ಕೆಲಸ ಮಾಡಿ: ಕೊಟ್ಟ ಹಣ ಎಲ್ಲಿಗೆ ತಲುಪಿತು, ಯಾವುದಕ್ಕೆ ಬಳಕೆಯಾಯಿತು ಎಂದು ಕಚೇರಿಯಲ್ಲಿ ವಿನಯದಿಂದ ಕೇಳಿ ಮನೆಯವರಿಗೂ ಕಿರು ಸಮುದಾಯಕ್ಕೂ ತಿಳಿಸಿ. ಅಕ್ಟೋಬರಿನ ಕೊನೆಯಿಂದ ಎರಡನೆಯ ಭಾನುವಾರ ಮಿಷನ್ ಭಾನುವಾರ, 1926ರಲ್ಲಿ ಸ್ಥಾಪಿತವಾದದ್ದು. 2027ರಲ್ಲಿ ಅದು ಅಕ್ಟೋಬರ್ 24ಕ್ಕೆ ಬರುತ್ತದೆ. ಖಾಲಿಯಾದ ಡಬ್ಬಿಯನ್ನು ಎಸೆಯದೆ ವಾರಕ್ಕೊಮ್ಮೆ ಅದೇ ಇಪ್ಪತ್ತು ರೂಪಾಯಿ ಹಾಕುತ್ತಾ ಬಂದರೆ, ಅಂದು ಲಕೋಟೆ ತುಂಬಲು ಜೇಬು ತಡಕಾಡಬೇಕಾಗುವುದಿಲ್ಲ.